ಸೀಲಿಂಗ್ ಅಂಚಿನ ಪಟ್ಟಿಗೆ ಯಾವ ಬಣ್ಣ?

ಕೇಳುಗರೆ, ನಮಸ್ಕಾರ. ಗೋಡೆ ಹೋಗಿ ಸೀಲಿಂಗ್ ಮುಟ್ಟುವ ಕಡೆ ಸುತ್ತಲೂ ಕೂರಿಸುತ್ತಾರಲ್ಲ, ಎಲೆ, ಬಳ್ಳಿ, ಮಣಿಸರದ ಕೆತ್ತನೆ ಇರುವ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಪಟ್ಟಿ, ಅದೇ ಕಾರ್ನಿಸ್, ಅದರ ಬಣ್ಣದ ಬಗ್ಗೆ ಇವತ್ತು ಮಾತಾಡೋಣ. ಗೋಡೆಯ ಬಣ್ಣಕ್ಕೆ ಮನೆಮಂದಿಯೆಲ್ಲ ಕೂತು ಚರ್ಚೆ ಮಾಡುತ್ತೇವೆ. ಕಾರ್ನಿಸ್ ವಿಷಯ ಬಂದರೆ ಮಾತ್ರ "ಬಿಳಿ ಹೊಡೆದುಬಿಡಿ" ಅಂತ ಪೇಂಟರ್‌ಗೆ ಹೇಳಿ ಕೈತೊಳೆದುಕೊಳ್ಳುತ್ತೇವೆ. ಎಡವಟ್ಟಾಗುವುದು ಅಲ್ಲೇ.

ಬಿಳಿಯಲ್ಲಿ ಬಗೆಬಗೆ ಇದೆ. ಸೀಲಿಂಗ್‌ಗೆ ನೀಲಿ ಛಾಯೆಯ ಅಚ್ಚ ಬಿಳಿ, ಪಟ್ಟಿಗೆ ಐವರಿ, ಅಂದರೆ ದಂತದ ಬಣ್ಣ. ಅಂಗಡಿಯ ಶೇಡ್ ಕಾರ್ಡಿನಲ್ಲಿ ಈ ಜೋಡಿ ಚೆನ್ನಾಗೇ ಕಾಣುತ್ತದೆ. ಮೇಲೆ ಹೊಡೆದ ಮೇಲೆ ನೋಡಿದರೆ ಪಟ್ಟಿ ಹೊಗೆ ಹಿಡಿದ ಹಾಗಿರುತ್ತದೆ. ಪಕ್ಕದಲ್ಲೇ ಅಚ್ಚ ಬಿಳಿ ಇದ್ದರೆ ಐವರಿ ಕೊಳೆಯಾಗಿ ಕಾಣುವುದು ಸಹಜ. ಹಾಗಾಗಿ ಎರಡರಲ್ಲಿ ಒಂದು ಮಾಡಿ. ಸೀಲಿಂಗ್‌ಗೂ ಪಟ್ಟಿಗೂ ಒಂದೇ ಬಿಳಿ ಹಾಕಿ, ಸೀಲಿಂಗ್ ಮ್ಯಾಟ್ ಇರಲಿ, ಪಟ್ಟಿಗೆ ಸ್ವಲ್ಪ ಹೊಳಪಿನ ಎಮಲ್ಷನ್, ಅಂದರೆ ನೀರಿನಲ್ಲಿ ಕಲಸುವ ಬಣ್ಣ, ಇರಲಿ. ಕೆತ್ತನೆಯ ನೆರಳೇ ಅಂದ ಕೊಡುತ್ತದೆ. ಇಲ್ಲವೆ, ಗೋಡೆಯ ಬಣ್ಣದ್ದೇ ಎರಡು ಶೇಡ್ ಗಾಢವಾದದ್ದನ್ನು ಹಾಕಿ. ಇದೂ ಅಲ್ಲ ಅದೂ ಅಲ್ಲ ಅನ್ನುವ ಸಣ್ಣ ವ್ಯತ್ಯಾಸ ಮಾತ್ರ ಬೇಡ.

ಎತ್ತರವನ್ನೂ ಲೆಕ್ಕಕ್ಕೆ ತಗೊಳ್ಳಿ. ಫಾಲ್ಸ್ ಸೀಲಿಂಗ್ ಹಾಕಿಸಿ 9 ಅಡಿಗೆ ಇಳಿದಿರುವ ಕೋಣೆಯಲ್ಲಿ ಕಾರ್ನಿಸ್‌ಗೆ ಗೋಡೆಯ ಬಣ್ಣವನ್ನೇ ಕೊಟ್ಟರೆ ಗೋಡೆ ಎತ್ತರವಾದಂತೆ ಕಾಣುತ್ತದೆ. ಅಲ್ಲಿ ಗಾಢ ಬಣ್ಣ ಹೊಡೆದರೆ ಸೂರು ತಲೆಮೇಲೆ ಕೂತ ಹಾಗಾಗುತ್ತದೆ.

ಇನ್ನು ಬೆಳಕು. ಕಾರ್ನಿಸ್‌ಗೆ ಹಗಲಲ್ಲಿ ನೇರ ಬೆಳಕು ಸಿಗುವುದು ಕಡಿಮೆ. ನೆಲಕ್ಕೆ ಬಿದ್ದು ಮೇಲೆದ್ದ ಬೆಳಕೇ ಅದಕ್ಕೆ ಆಧಾರ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ ಮೇಲಿನ ಬಿಳಿಗೆ ತೆಳುವಾದ ಕೆಂಪು ಹಾಯಿಸುತ್ತದೆ. ಅಂಥ ಮನೆಗೆ ಗುಲಾಬಿ ಛಾಯೆಯ ಬಿಳಿ ತರಬೇಡಿ, ಕೆಂಪು ಇನ್ನೂ ಹೆಚ್ಚುತ್ತದೆ. ರಾತ್ರಿಯ ಲೈಟೂ ಅಷ್ಟೇ. 3000 ಕೆಲ್ವಿನ್‌ನ ಹಳದಿ ಎಲ್‌ಇಡಿ ಕೆಳಗೆ ಬಿಳಿಯೇ ಕೆನೆಬಣ್ಣವಾಗುತ್ತದೆ. 6500ರ ಬೆಳ್ಳನೆ ಬೆಳಕಲ್ಲಿ ಕೆನೆಬಣ್ಣ ಸಪ್ಪೆ ಹೊಡೆಯುತ್ತದೆ. ಪಟ್ಟಿಯ ಹಿಂದೆ ಸ್ಟ್ರಿಪ್ ಲೈಟ್ ಇದ್ದರೆ ಒಳಮೈಗೆ ಮ್ಯಾಟ್ ಬಣ್ಣವೇ ಆಗಬೇಕು. ಹೊಳಪಿನದು ಹೊಡೆದರೆ ಒಂದೊಂದು ಎಲ್‌ಇಡಿಯೂ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ.

ಆದ್ದರಿಂದ ಶೇಡ್ ಕಾರ್ಡ್ ನಂಬಿ ಡಬ್ಬಿ ತರಬೇಡಿ. ಕೆಲಸದಲ್ಲಿ ಉಳಿದ ಒಂದು ಅಡಿ ಪಟ್ಟಿ ತಗೊಂಡು, ಪ್ರೈಮರ್ ಹಾಕಿ, ಎರಡು ಕೋಟ್ ಹೊಡೆದು, ಒಂದು ದಿನ ಒಣಗಿಸಿ. ಎಮಲ್ಷನ್ ಒಣಗಿದ ಮೇಲೆ ಸಾಮಾನ್ಯವಾಗಿ ತುಸು ಗಾಢವಾಗುತ್ತದೆ. ಆ ತುಂಡನ್ನು ಏಣಿ ಹತ್ತಿ ಸೀಲಿಂಗ್ ಅಂಚಿಗೇ ಹಿಡಿಸಿ, ಬೆಳಗ್ಗೆ 10ಕ್ಕೆ, ಸಂಜೆ 4ಕ್ಕೆ, ರಾತ್ರಿ ಲೈಟ್ ಹಾಕಿ, ಮೂರು ಹೊತ್ತೂ ನೋಡಿ.

ಚಿನ್ನದ ಬಣ್ಣದ ಆಸೆ ಬಹಳ ಜನಕ್ಕೆ. ಬೇಡ ಅನ್ನುವುದಿಲ್ಲ, ಆದರೆ ಕಾಲಿಂಚು ಅಗಲದ ಮಣಿಸಾಲಿಗೆ ಸಾಕು. ಅಗಲವಾದ ಕಡೆ ಬ್ರಷ್ಷಿನ ಗೆರೆ ಎದ್ದು ಕಾಣುತ್ತದೆ. ಕೆಳಗೆ ಕಾವಿ ಹಳದಿಯ ಒಂದು ಕೋಟ್ ಕೊಟ್ಟರೆ ಚಿನ್ನ ತುಂಬಿಕೊಂಡು ಬರುತ್ತದೆ. ಅಗ್ಗದ ಗೋಲ್ಡ್ ಪೌಡರ್‌ನಲ್ಲಿರುವುದು ತಾಮ್ರ, ಸತು, ಬರುಬರುತ್ತಾ ಕಪ್ಪಾಗುತ್ತದೆ.

ಬಣ್ಣ ಎಷ್ಟೇ ಒಳ್ಳೆಯದಿರಲಿ, ಕೆಳಗಿನ ಪಿಒಪಿ ಹಸಿಯಿದ್ದರೆ ಬೊಬ್ಬೆ ಏಳುತ್ತದೆ. ಪಿಒಪಿ ಅರ್ಧ ಗಂಟೆಯಲ್ಲೇ ಗಟ್ಟಿಯಾಗುತ್ತದೆ, ಆದರೆ ಒಣಗಲು ದಿನಗಳು ಬೇಕು. ಅಂಗೈ ಹಿಂಬದಿಯನ್ನು ಒತ್ತಿ ನೋಡಿ. ತಣ್ಣಗೆ ಹತ್ತಿದರೆ ಇನ್ನೂ ಕಾಯಬೇಕು. ನಮ್ಮ ಕಡೆ ಹಬ್ಬಕ್ಕೆಂದು ಬಣ್ಣ ಹೊಡೆಸುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ. ತಾರಸಿ ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ.

ಪಟ್ಟಿಗೂ ಗೋಡೆಗೂ ನಡುವೆ ಬಿರುಕಿದ್ದರೆ ಅಕ್ರಿಲಿಕ್ ಸೀಲೆಂಟ್ ತುಂಬಿ. ಸಿಲಿಕಾನ್ ಬೇಡವೇ ಬೇಡ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಕೆತ್ತನೆಯ ಮೇಲೆ ಪುಟ್ಟಿಯನ್ನು ದಪ್ಪಗೆ ಮೆತ್ತಿದರೆ ಎಲೆಯ ನರ ಮುಚ್ಚಿಹೋಗುತ್ತದೆ. ಹಳೇ ಸುಣ್ಣದ ಪಟ್ಟಿಯಾದರೆ ಕೈಗೆ ಪುಡಿ ಹತ್ತದಷ್ಟು ಕೆರೆದು ಒರೆಸಿ, ಪ್ರೈಮರ್ ಹಾಕಿ. ಹಾಗೇ ಹೊಡೆದರೆ ಹೊಪ್ಪಳಿಕೆ ಏಳುತ್ತದೆ. ಆಯಿಲ್ ಪೇಂಟಿನ ಬಿಳಿ ಕತ್ತಲ ಮೂಲೆಯಲ್ಲಿ ಹಳದಿಯಾಗುತ್ತದೆ, ಆದ್ದರಿಂದ ದೇವರ ಮನೆಗೂ ಅಡುಗೆಮನೆಗೂ ತೊಳೆಯಬಹುದಾದ ಎಮಲ್ಷನ್ನೇ ಸರಿ.

ಮೊದಲು ಸೀಲಿಂಗ್, ಆಮೇಲೆ ಕಾರ್ನಿಸ್, ಕೊನೆಗೆ ಗೋಡೆ. ಮಾಸ್ಕಿಂಗ್ ಟೇಪನ್ನು ಬಣ್ಣ ಪೂರ್ತಿ ಒಣಗುವ ಮೊದಲೇ ಓರೆಯಾಗಿ ಎಳೆಯಿರಿ, ಒಣಗಿದ ಮೇಲೆ ಎಳೆದರೆ ಅಂಚು ಕಿತ್ತು ಬರುತ್ತದೆ. 12ಕ್ಕೆ 14 ಅಡಿ ಕೋಣೆಯ ಸುತ್ತಳತೆ 52 ಅಡಿ. ಪಟ್ಟಿಯ ಮೈ ಅರ್ಧ ಅಡಿ ಇದ್ದರೆ 26 ಚದರಡಿ. ಕೆತ್ತನೆಯ ಏರುತಗ್ಗು ಸೇರಿಸಿಕೊಂಡರೂ ಎರಡು ಕೋಟ್‌ಗೆ ಒಂದು ಲೀಟರ್ ಧಾರಾಳವಾಗಿ ಸಾಕು. ಮಷೀನಿನಲ್ಲಿ ಕಲಸಿಕೊಟ್ಟ ಬಣ್ಣವನ್ನು ಇಡೀ ಮನೆಗೆ ಒಂದೇ ಸಲ ತನ್ನಿ. ಡಬ್ಬಿಯ ಮೇಲಿನ ಕೋಡ್ ಚೀಟಿಯನ್ನು ಹರಿಯದೆ ಬಿಡಿಸಿ, ಮನೆಯ ಕಾಗದಪತ್ರದ ಜೊತೆ ಇಟ್ಟುಕೊಳ್ಳಿ.

ನಮಸ್ಕಾರ.