ಸುತ್ತಿದ್ದು ನಾನು, ಮಾಡಿದ್ದು ಬೇರೆಯವರು

ಈ ನೆಗೆಟಿವ್ ನೋಡಿ. ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಕಾಣುತ್ತಾ? ಮೊದಲ ಮಳೆಯ ಕೆಸರು ನೀರಿನ ಬಣ್ಣ. ನಡುವೆ ಅಡ್ಡಕ್ಕೆ ಒಂದು ಮಸುಕು ಗೆರೆ ಇದೆಯಲ್ಲ, ಅದು ಕಾಳಿ ನದಿಯ ಹಳೆ ಸೇತುವೆ.

ಕಾರವಾರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಆ ಸೇತುವೆ ಕುಸಿಯಿತು. ಲಾರಿಯೊಂದು ನದಿಗೆ ಬಿತ್ತು, ಪುಣ್ಯಕ್ಕೆ ಚಾಲಕ ಬದುಕಿದರು. ಅದಕ್ಕೆ ಏಳೆಂಟು ತಿಂಗಳು ಮುಂಚೆ, ಒಂದು ಡಿಸೆಂಬರ್ ಬೆಳಿಗ್ಗೆ, ನಾನು ದೋಣಿಯಲ್ಲಿ ಕೂತು ಅದರ ಫೋಟೋ ತೆಗೆದಿದ್ದೆ. ಮಂಜು ಇನ್ನೂ ನೀರಿನ ಮೇಲೇ ಇತ್ತು. ಆಚೆ ಸದಾಶಿವಗಡದ ಗುಡ್ಡ. ಸೇತುವೆಯ ಕಂಬಗಳ ನಡುವೆ ಮೀನಿನ ದೋಣಿಗಳು ಒಂದೊಂದಾಗಿ ಹೊರಗೆ ಬರುತ್ತಿದ್ದವು. ಒಂದು ಇಡೀ ರೋಲು, 36 ಫೋಟೋ. ಕೈಗೆ ಸಿಕ್ಕಿದ್ದು ಈ ಕೆಸರು.

ರೋಲನ್ನು ಆನ್‌ಲೈನಿನಲ್ಲಿ ಒಬ್ಬರಿಂದ ಕೊಂಡಿದ್ದೆ. 1,200 ರೂಪಾಯಿ. ಹೆಸರು ಹೊಸದು, ಸ್ಟಿಕ್ಕರ್ ಬಹಳ ಚಂದ. ತಾಜಾ ಫಿಲ್ಮ್, ಐಎಸ್‌ಓ 400, ಹೊಸ ಎಮಲ್ಷನ್ ಎಂದು ಬರೆದಿತ್ತು. ಐಎಸ್‌ಓ ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂಬ ಅಳತೆ, ಎಮಲ್ಷನ್ ಅಂದರೆ ಬೆಳಕು ಹಿಡಿಯುವ ಲೇಪ. ಮನೆಯಲ್ಲೇ ತೊಳೆದೆ. ಕಲರ್ ಫಿಲ್ಮಿಗೆ ಸಿ-41 ಅಂತ ಒಂದು ಕ್ರಮ ಇದೆ. ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, 38 ಡಿಗ್ರಿ ಬಿಸಿ ಇರಬೇಕು, 3 ನಿಮಿಷ 15 ಸೆಕೆಂಡು. ಅದರಲ್ಲಿ ನಾನು ತಪ್ಪಿಲ್ಲ, ಅದೇ ದಿನ ಅದೇ ಕೆಮಿಕಲ್‌ನಲ್ಲಿ ತೊಳೆದ ಇನ್ನೊಂದು ರೋಲು ಸೊಗಸಾಗಿ ಬಂದಿತ್ತು.

ಶಿರಸಿಗೆ ಹೋದಾಗ ನಮ್ಮೂರಿನ ಹಳೆ ಸ್ಟುಡಿಯೋದವರಿಗೆ ತೋರಿಸಿದೆ. ನಲವತ್ತು ವರ್ಷ ಫಿಲ್ಮ್ ತೊಳೆದ ಕೈ. ಅವರು ಚಿತ್ರ ನೋಡಲೇ ಇಲ್ಲ. ಭೂತಗನ್ನಡಿ ತೆಗೆದು ಸೀದಾ ಅಂಚು ನೋಡಿದರು, ತೂತುಗಳ ಪಕ್ಕ.

"ಎಷ್ಟು ಕೊಟ್ಟೆ ತಮಾ ಇದಕ್ಕೆ?"

ಹೇಳಿದೆ.

"ಇದು ಹಳೇ ಮಾಲು. ಈ ಫಿಲ್ಮ್ ಬರುವುದೇ ನಿಂತು ಎಷ್ಟೋ ವರ್ಷ ಆಯ್ತಲ್ಲ ಮಾರಾಯ."

ಫಿಲ್ಮಿನ ಅಂಚಿನಲ್ಲಿ ಅದರ ಹೆಸರು ಇರುತ್ತದೆ. ಕಾರ್ಖಾನೆಯಲ್ಲೇ ಬೆಳಕಿನಿಂದ ಬರೆದಿರುತ್ತಾರೆ, ತೊಳೆದ ಮೇಲೆ ಮೂಡುತ್ತದೆ. ಡಬ್ಬಿಯ ಸ್ಟಿಕ್ಕರ್ ಯಾರು ಬೇಕಾದರೂ ಬದಲಾಯಿಸಬಹುದು, ಆ ಅಂಚಿನ ಅಕ್ಷರವನ್ನು ಆಗುವುದಿಲ್ಲ. ನನ್ನ ರೋಲಿನ ಅಂಚಿನಲ್ಲಿ ದೊಡ್ಡ ಕಂಪನಿಯೊಂದು ಎಂದೋ ಮಾಡುವುದನ್ನು ಬಿಟ್ಟ ಫಿಲ್ಮಿನ ಹೆಸರಿತ್ತು. ಅವಧಿ ಮುಗಿದದ್ದು, ಎಲ್ಲೋ ಸೆಕೆಯಲ್ಲಿ ಬಿದ್ದಿದ್ದು, ಹೊಸ ಅಂಗಿ ಹಾಕಿಕೊಂಡು ನನ್ನ ಮನೆಗೆ ಬಂದಿತ್ತು. ಮಾರಿದವರಿಗೆ ಫೋಟೋ ಸಮೇತ ಕಳಿಸಿದೆ. ನೀವು ತೊಳೆದಿದ್ದು ಸರಿಯಿಲ್ಲ ಎಂದು ಒಂದು ಸಾಲು ಬಂತು. ಆಮೇಲೆ ಉತ್ತರವೇ ಇಲ್ಲ.

ಇದನ್ನು ಕೇಳಿ ಕೆಲವರು ಹೇಳುತ್ತಾರೆ, ಬೇರೆಯವರ ಫಿಲ್ಮಿಗೆ ತಮ್ಮ ಹೆಸರು ಹಚ್ಚುವವರೆಲ್ಲ ಕಳ್ಳರು ಅಂತ. ಅದನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಫಿಲ್ಮ್ ಹೇಗೆ ಹುಟ್ಟುತ್ತದೆ ಅಂತ ಸ್ವಲ್ಪ ಹೇಳಬೇಕು.

ತಳಕ್ಕೆ ಒಂದು ಪ್ಲಾಸ್ಟಿಕ್ ಹಾಳೆ, ಅಸಿಟೇಟ್ ಅಥವಾ ಪಾಲಿಯೆಸ್ಟರ್. ಅದರ ಮೇಲೆ ಜಿಲೆಟಿನ್, ಅದರೊಳಗೆ ಬೆಳ್ಳಿಯ ಲವಣದ ಸಣ್ಣ ಸಣ್ಣ ಹರಳು. ಬೆಳಕು ಬಿದ್ದರೆ ಬದಲಾಗುವುದು ಆ ಹರಳುಗಳೇ. ಕಲರ್ ಫಿಲ್ಮ್ ಆದರೆ ಇಂಥ ಪದರ ಒಂದರ ಮೇಲೊಂದು ಹತ್ತಕ್ಕೂ ಜಾಸ್ತಿ, ಎಲ್ಲ ಸೇರಿದರೂ ಕೂದಲಿಗಿಂತ ತೆಳು. ಒಂದು ಮೀಟರಿಗಿಂತ ಅಗಲದ ಹಾಳೆ, ಸಾವಿರಗಟ್ಟಲೆ ಅಡಿ ಉದ್ದ. ಅದರ ಮೇಲೆ ಇಷ್ಟನ್ನೂ ಒಂದೇ ಸಮ ಹರಡಬೇಕು, ಅದೂ ಕಗ್ಗತ್ತಲಲ್ಲಿ. ಒಂದು ಕಣ ಧೂಳು ಬಿದ್ದರೂ ಚುಕ್ಕೆ. ದೊಡ್ಡ ವಿದ್ಯೆ ಇರುವುದು ಇಲ್ಲಿ. ಇದಾದ ಮೇಲೆ ಆ ಹಾಳೆಯನ್ನು 35 ಮಿಲಿಮೀಟರ್ ಪಟ್ಟಿಯಾಗಿ ಸೀಳುವುದು, ತೂತು ಹೊಡೆಯುವುದು, ಡಬ್ಬಿಗೆ ಸುತ್ತುವುದು. ಅದಕ್ಕೂ ಕೈ ಪಳಗಿರಬೇಕು, ಆದರೆ ಹರಡುವ ಕೆಲಸದ ಮುಂದೆ ಅದು ಸಣ್ಣದು.

ಆ ಹರಡುವ ಕೆಲಸ ಗೊತ್ತಿರುವವರು ಜಗತ್ತಿನಲ್ಲಿ ಈಗ ಬೆರಳೆಣಿಕೆಯಷ್ಟು. ಅಮೆರಿಕದ ರೋಚೆಸ್ಟರ್‌ನಲ್ಲಿ ಕೊಡಾಕ್. ಇಂಗ್ಲೆಂಡಿನ ಮಾಬರ್ಲಿಯಲ್ಲಿ ಹಾರ್ಮನ್, ಇಲ್ಫರ್ಡ್ ಫಿಲ್ಮ್ ಮಾಡುವವರು. ಚೆಕ್ ದೇಶದಲ್ಲಿ 1921ರಿಂದ ಇರುವ ಫೋಮಾ. ಬೆಲ್ಜಿಯಂನಲ್ಲಿ ಆಗ್ಫಾ-ಗೇವರ್ಟ್. ಜಪಾನಿನ ಫ್ಯೂಜಿ, ಚೀನಾದಲ್ಲಿ ಒಬ್ಬಿಬ್ಬರು, ಯುರೋಪಿನಲ್ಲಿ ಇನ್ನು ಒಂದೆರಡು ಸಣ್ಣ ಘಟಕ. ಹೆಚ್ಚುಕಡಿಮೆ ಇಷ್ಟೇ.

ನಮ್ಮಲ್ಲೂ ಒಂದು ಇತ್ತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್. ಸರ್ಕಾರದ ಕಂಪನಿ, 1960ರಲ್ಲಿ ಶುರುವಾಗಿ 1967ರಿಂದ ಫಿಲ್ಮ್ ತಯಾರಿಸಿತು. ತಂಪು ಹವೆ, ಧೂಳು ಕಡಿಮೆ ಅಂತಲೇ ಊಟಿ ಆರಿಸಿದ್ದು. ಅದರ ಫಿಲ್ಮಿನ ಹೆಸರು 'ಇಂದು'. ನಮ್ಮ ಅಜ್ಜ ಅಜ್ಜಿಯರ ಕಪ್ಪು ಬಿಳುಪು ಫೋಟೋ ಎಷ್ಟೋ ಇಂದು ಫಿಲ್ಮಿನಲ್ಲಿ ತೆಗೆದವು, ಆಸ್ಪತ್ರೆಗಳ ಎಕ್ಸ್-ರೇ ಫಿಲ್ಮ್ ಕೂಡ ಅಲ್ಲಿಂದ ಬರುತ್ತಿತ್ತು. ಡಿಜಿಟಲ್ ಬರುವ ಮೊದಲೇ ಅದು ಸಾಲದಲ್ಲಿ ಮುಳುಗಿತ್ತು, ಕೊನೆಗೆ ಬಾಗಿಲು ಹಾಕಿತು. ನೀಲಗಿರಿಯ ಆ ಕಟ್ಟಡ ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅಷ್ಟು ಜನ ಕತ್ತಲಲ್ಲಿ ಕಲಿತ ಕೆಲಸ, ಮತ್ತೆ ಯಾರೂ ಕಲಿಸಲಾರರು.

ಮಾಡುವವರು ಇಷ್ಟೇ ಜನ ಇರುವಾಗ ಮಾರುವ ಹೆಸರು ನೂರಾರು ಹೇಗೆ ಬಂದವು? ಒಬ್ಬರು ಮಾಡಿದ್ದನ್ನು ಹಲವರು ತಮ್ಮ ಹೆಸರಿನಲ್ಲಿ ಮಾರುತ್ತಾರೆ. ಫೋಮಾದ ಕಪ್ಪು ಬಿಳುಪು ಫಿಲ್ಮ್ ಅಮೆರಿಕದಲ್ಲಿ ಆರಿಸ್ಟಾ ಹೆಸರಿನಲ್ಲಿ ಸಿಗುತ್ತದೆ. ವಿಮಾನದಿಂದ ನೆಲದ ಫೋಟೋ ತೆಗೆಯಲು ಆಗ್ಫಾ ಮಾಡಿದ ಫಿಲ್ಮ್ ರೋಲೈ ಹೆಸರಿನ ಡಬ್ಬಿಯಲ್ಲಿ ಬರುತ್ತದೆ. ಸಿನಿಸ್ಟಿಲ್‌ನವರ 800ಟಿ ಅಂದರೆ ಕೊಡಾಕ್‌ನ ಸಿನಿಮಾ ಫಿಲ್ಮಿನ ಹಿಂದಿನ ಕಪ್ಪು ಲೇಪನ ತೆಗೆದದ್ದು. ಆ ಲೇಪನ ಇಲ್ಲದ್ದಕ್ಕೇ ಅದರಲ್ಲಿ ರಾತ್ರಿ ದೀಪಗಳ ಸುತ್ತ ಕೆಂಪು ಪ್ರಭೆ ಕಾಣುವುದು. ಅಷ್ಟು ದೊಡ್ಡ ಫ್ಯೂಜಿಯನ್ನೇ ನೋಡಿ. ಅಮೆರಿಕದಲ್ಲಿ ಮಾರುವ ಅವರ 200 ಫಿಲ್ಮಿನ ಡಬ್ಬಿ ಮೇಲೆ ಅಮೆರಿಕದಲ್ಲಿ ತಯಾರಾದದ್ದು ಎಂದೇ ಅಚ್ಚಾಗಿದೆ. ಅದರ ತಾಂತ್ರಿಕ ಹಾಳೆಯನ್ನು ಕೊಡಾಕ್ ಗೋಲ್ಡ್ 200ರ ಹಾಳೆಯ ಪಕ್ಕ ಇಟ್ಟರೆ ಹೆಚ್ಚುಕಡಿಮೆ ಎರಡೂ ಒಂದೇ.

ಹೀಗಿರುವಾಗ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಒಂದು ಕೋಣೆಯಲ್ಲಿ ಕೂತು ಫಿಲ್ಮ್ ಸುತ್ತಿ ಮಾರುವ ಹುಡುಗನಿಗೆ ಮಾತ್ರ "ನೀನೇ ಮಾಡಿದ್ದಾ?" ಅಂತ ಜೋರು ಮಾಡಿದರೆ ನ್ಯಾಯವಾ? ಅವನು ಮಾಡಲಾರ. ಮಾಡಬೇಕಾಗಿಯೂ ಇಲ್ಲ. ಸುತ್ತಿದ್ದು ನಾನು, ಮಾಡಿದ್ದು ಬೇರೆಯವರು ಅಂತ ಅವನು ಹೇಳಬೇಕು. ನಾನು ಕೇಳುವುದು ಅಷ್ಟೇ.

ನಮ್ಮ ಕಡೆ ಜೋನಿ ಬೆಲ್ಲ ಹೇಗೆ ಕೊಳ್ಳುತ್ತೇವೆ ಹೇಳಿ. ಡಬ್ಬಕ್ಕೆ ಲೇಬಲ್ ಇರುವುದಿಲ್ಲ. ಅಂಗಡಿಯವರು ಮುಚ್ಚಳ ತೆಗೆದು ಸೌಟಿನಲ್ಲಿ ಎತ್ತಿ ಎಳೆ ಬಿಡುತ್ತಾರೆ. ನಾವು ಮೊದಲು ಕೇಳುವುದು ಒಂದೇ, ಯಾರ ಆಲೆಮನೆಯದು? ಅವರು ಊರು ಹೇಳುತ್ತಾರೆ, ಮನೆ ಹೇಳುತ್ತಾರೆ, ಈ ವರ್ಷದ್ದೋ ಹೋದ ವರ್ಷದ್ದೋ ಹೇಳುತ್ತಾರೆ. ಅಂಗಡಿಯವರೇ ಕಬ್ಬು ಬೆಳೆದಿರಬೇಕು ಅಂತ ಯಾರೂ ಹೇಳುವುದಿಲ್ಲ. ಹೋದ ವರ್ಷದ್ದು ಅಂದರೂ ಒಯ್ಯುವವರು ಇದ್ದಾರೆ, ರೇಟು ಸ್ವಲ್ಪ ಕಡಿಮೆ ಅಷ್ಟೇ. ಆದರೆ ಹೋದ ವರ್ಷದ್ದಕ್ಕೆ ಸಕ್ಕರೆ ಪಾಕ ಸೇರಿಸಿ ನಿನ್ನೆ ಇಳಿಸಿದ್ದು ಎಂದರೆ ಆ ಅಂಗಡಿಗೆ ಮತ್ತೆ ಕಾಲಿಡುವುದಿಲ್ಲ. ಹಳೆ ಫಿಲ್ಮೂ ಹಾಗೆಯೇ. ಹಳೆಯದು ಎಂದು ಹೇಳಿ ಕೊಟ್ಟರೆ ನಾನೇ ಕೊಳ್ಳುತ್ತೇನೆ. ಹತ್ತು ವರ್ಷ ಹಳೆಯದಾದರೆ ಒಂದು ಸ್ಟಾಪ್ ಬೆಳಕು ಜಾಸ್ತಿ, ಅಂದರೆ ಎರಡು ಪಟ್ಟು ಬೆಳಕು, ಕೊಟ್ಟು ತೆಗೆಯುವ ರೂಢಿ ಇದೆ. ಮನೆಯ ಬೆಕ್ಕಿನ ಫೋಟೋ ತೆಗೆಯುತ್ತೇನೆ, ಅಂಗಳದ ದಾಸವಾಳದ್ದು ತೆಗೆಯುತ್ತೇನೆ. ಸೇತುವೆಗೆ ಒಯ್ಯುತ್ತಿರಲಿಲ್ಲ. ನನಗೆ ಹೋಗಿದ್ದು 1,200 ರೂಪಾಯಿ ಅಲ್ಲ.

ಕಾನೂನು ಕೂಡ ಇದನ್ನೇ ಹೇಳುತ್ತದೆ. ಪೊಟ್ಟಣ ಕಟ್ಟಿದ ಸರಕಿಗೆ ನಮ್ಮ ದೇಶದಲ್ಲಿ 2011ರ ನಿಯಮಗಳಿವೆ. ಮಾಡಿದವರ ಹೆಸರು, ಅಥವಾ ಪ್ಯಾಕ್ ಮಾಡಿದವರ ಹೆಸರು, ಹೊರಗಿನಿಂದ ತಂದಿದ್ದರೆ ತಂದವರ ಹೆಸರು, ವಿಳಾಸ, ಬೆಲೆ, ತಿಂಗಳು, ವರ್ಷ ಇರಬೇಕು. ಗಮನಿಸಿ, 'ಪ್ಯಾಕ್ ಮಾಡಿದವರು' ಎಂಬುದಕ್ಕೆ ಅಲ್ಲಿ ಬೇರೆಯೇ ಜಾಗ ಇದೆ. ಅದು ಮರ್ಯಾದೆಯ ಜಾಗ. ಅಲ್ಲಿ ಹೆಸರು ಹಾಕಲು ನಾಚಿಕೆ ಯಾಕೆ?

ಹಾಕುವವರು ಇದ್ದಾರೆ. ಸೇತುವೆಯ ರೋಲು ಹಾಳಾದ ಮೇಲೆ ಸುಮಾರು ದಿನ ನಾನು ಸಣ್ಣ ಮಾರಾಟಗಾರರಿಂದ ಕೊಳ್ಳುವುದನ್ನೇ ಬಿಟ್ಟಿದ್ದೆ. ಒಬ್ಬರ ತಪ್ಪಿಗೆ ಉಳಿದವರಿಗೆಲ್ಲ ಶಿಕ್ಷೆ ಕೊಟ್ಟ ಹಾಗಾಯಿತು, ಅದು ಸರಿಯಲ್ಲ ಅಂತ ಆಮೇಲೆ ಅನಿಸಿತು. ಆಮೇಲೆ ಗೆಳೆಯರೊಬ್ಬರ ಮೂಲಕ ಇನ್ನೊಬ್ಬ ಹುಡುಗನ ಪರಿಚಯ ಆಯಿತು. ಅವನು ಸಿನಿಮಾದವರು ಬಳಸುವ ಕೊಡಾಕ್ ವಿಷನ್3 ಫಿಲ್ಮಿನ 400 ಅಡಿ ಡಬ್ಬ ತರಿಸುತ್ತಾನೆ. ಒಂದು ಡಬ್ಬದಿಂದ ಸುಮಾರು 70 ರೋಲು ಆಗುತ್ತದೆ. ಕತ್ತಲಲ್ಲಿ ಕೂತು ಒಂದೊಂದಾಗಿ ಸುತ್ತುತ್ತಾನೆ. ಡಬ್ಬಿಗಳು ಲ್ಯಾಬಿನಿಂದ ತಂದ ಖಾಲಿ ಡಬ್ಬಿಗಳೇ. ಹಳೆ ಫಿಲ್ಮಿನ ಒಂದು ತುಂಡು ನಾಲಿಗೆಯಂತೆ ಹೊರಗೆ ಇರುತ್ತದೆ, ಅದಕ್ಕೆ ಟೇಪಿನಿಂದ ಹೊಸದನ್ನು ಅಂಟಿಸುತ್ತಾನೆ. ಇದನ್ನೆಲ್ಲ ನಾನು ಕೆದಕಿ ಕೇಳಿದ್ದಲ್ಲ, ರೋಲಿನ ಜೊತೆ ಬಂದ ಚೀಟಿಯಲ್ಲೇ ಇತ್ತು.

ಆ ಚೀಟಿಯ ಒಂದು ಸಾಲು ಬಹಳ ಮುಖ್ಯ. ರೆಮ್‌ಜೆಟ್ ಇದೆ, ಲ್ಯಾಬಿಗೆ ಮೊದಲೇ ಹೇಳಿ ಎಂದು ಕೆಂಪು ಪೆನ್ನಿನಲ್ಲಿ ಬರೆದಿದ್ದ. ರೆಮ್‌ಜೆಟ್ ಅಂದರೆ ಕೊಡಾಕ್ ಸಿನಿಮಾ ಫಿಲ್ಮಿನ ಬೆನ್ನಿಗೆ ಈಚಿನವರೆಗೂ ಇರುತ್ತಿದ್ದ ಕಪ್ಪು ಇಂಗಾಲದ ಲೇಪನ. ನಾನು ಅದನ್ನು ಬಚ್ಚಲಮನೆಯಲ್ಲಿ ತೆಗೆಯುತ್ತೇನೆ. ಬಿಸಿ ನೀರಿಗೆ ಅಡುಗೆ ಸೋಡಾ ಹಾಕಿ, ಫಿಲ್ಮ್ ಇಟ್ಟ ಮುಚ್ಚಿದ ಡಬ್ಬಕ್ಕೆ ಹೊಯ್ದು, ಚೆನ್ನಾಗಿ ಅಲ್ಲಾಡಿಸಿ ಚೆಲ್ಲಿದರೆ, ಹಂಡೆಯ ತಳದ ಮಸಿ ತೊಳೆದ ಹಾಗೆ ಕಡು ಕಪ್ಪು ನೀರು ಬರುತ್ತದೆ. ಮೂರು ಸಲ, ನಾಲ್ಕು ಸಲ, ನೀರು ತಿಳಿ ಆಗುವವರೆಗೆ. ಈಗ ಯೋಚನೆ ಮಾಡಿ. ಇದನ್ನು ಹೇಳದೆ ಮಾರಿದರೆ, ಗೊತ್ತಿಲ್ಲದವರು ಮಾಮೂಲಿ ರೋಲು ಅಂತ ಲ್ಯಾಬಿಗೆ ಕೊಡುತ್ತಾರೆ. ಆ ಮಸಿ ಮಷೀನಿನ ಒಳಗೆ ಹೋಗುತ್ತದೆ. ಕೆಮಿಕಲ್ ಹಾಳು, ಹಿಂದೆ ಬರುವ ಬೇರೆಯವರ ಫಿಲ್ಮಿಗೂ ಅಂಟುತ್ತದೆ. ಈ ಕಾಲದಲ್ಲಿ ಫಿಲ್ಮ್ ತೊಳೆಯುವ ಲ್ಯಾಬ್ ಇರುವುದೇ ನಾಲ್ಕಾರು. ಒಂದು ಮುಚ್ಚಿದರೂ ನಮ್ಮಂಥವರಿಗೆ ಮತ್ತೆ ದಾರಿ ಇಲ್ಲ.

ಕೊಳ್ಳುವ ನಮ್ಮದೂ ಕೆಲಸ ಇದೆ. ಕೊಳ್ಳುವ ಮುಂಚೆ ಕೇಳಿ. ಯಾವ ಫಿಲ್ಮು, ಅವಧಿ ಯಾವಾಗ ಮುಗಿಯುತ್ತದೆ, ಫ್ರಿಜ್ಜಿನಲ್ಲಿ ಇಟ್ಟಿದ್ದರಾ, ಹೇಗೆ ತೊಳೆಯಬೇಕು. ಉತ್ತರ ಕೊಡದವರನ್ನು ಬಿಟ್ಟುಬಿಡಿ. ಡಬ್ಬಿಯ ಮೇಲೆ ಬೆಳ್ಳಿ ಬಣ್ಣದ, ಕಪ್ಪು ಬಣ್ಣದ ಚೌಕಗಳ ಸಾಲು ಇರುತ್ತದಲ್ಲ, 1983ರಲ್ಲಿ ಬಂದ ಡಿಎಕ್ಸ್ ಕೋಡ್, ಅದನ್ನು ನೋಡಿಯೇ ಆಟೋಮ್ಯಾಟಿಕ್ ಕ್ಯಾಮೆರಾ ಐಎಸ್‌ಓ ತಿಳಿಯುವುದು. ಮರುಬಳಕೆಯ ಡಬ್ಬಿಯಲ್ಲಿ ಕೋಡ್ ಹಳೆ ಫಿಲ್ಮಿನದೇ ಇರಬಹುದು. ಒಳ್ಳೆಯ ಮಾರಾಟಗಾರರು ಅದರ ಮೇಲೆ ಟೇಪು ಹಚ್ಚಿರುತ್ತಾರೆ. ಮುಂದಿನ ತುದಿಯನ್ನು ಸ್ವಲ್ಪ ಹರಿದು ನೋಡಿ. ಅಸಿಟೇಟ್ ಹರಿಯುತ್ತದೆ, ಪಾಲಿಯೆಸ್ಟರ್ ಎಷ್ಟು ಎಳೆದರೂ ಜಗ್ಗುವುದಿಲ್ಲ. ಪಾಲಿಯೆಸ್ಟರ್ ಆದರೆ ಬಿಸಿಲಿನಲ್ಲಿ ಲೋಡ್ ಮಾಡಬೇಡಿ, ಬೆಳಕು ಆ ತುದಿಯಿಂದಲೇ ಒಳಗೆ ಹರಿಯುತ್ತದೆ.

ಇನ್ನೊಂದು ವಿಷಯ ಕರಾವಳಿಯವರಿಗೆ ಹೇಳಲೇಬೇಕು. ನಮ್ಮ ಸೆಕೆ, ನಮ್ಮ ತೇವ ಫಿಲ್ಮಿಗೆ ವಿಷ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿ ಇಟ್ಟ ಚಪ್ಪಲಿಗೇ ಬೂಸು ಬರುವ ಊರು ಇದು. ರೋಲನ್ನು ತಿಂಗಳುಗಟ್ಟಲೆ ಮೇಜಿನ ಮೇಲೆ ಬಿಟ್ಟು, ಬಣ್ಣ ಕೆಟ್ಟರೆ ಮಾರಿದವನ ಮೇಲೆ ಹಾಕಿದರೆ ಅದೂ ಅನ್ಯಾಯವೇ. ನಾನು ಅಂಚು ನೋಡಿದೆ, ಹಿರಿಯರಿಗೆ ತೋರಿಸಿದೆ, ಜೊತೆಯ ರೋಲಿನೊಂದಿಗೆ ಹೋಲಿಸಿದೆ, ಆಮೇಲೆ ದೂರು ಹೇಳಿದೆ. ಸಣ್ಣವರ ಅಂಗಡಿ ನಡೆಯುವುದೇ ನಂಬಿಕೆಯ ಮೇಲೆ. ಸುಮ್ನೆ ಒಂದು ಕೆಟ್ಟ ಮಾತು ಬರೆದರೆ ಅವರ ತಿಂಗಳ ಅನ್ನ ಹೋಗುತ್ತದೆ. ದೊಡ್ಡ ಕಂಪನಿಗೆ ಶಿರಸಿಯೂ ಗೊತ್ತಿಲ್ಲ, ಕಾರವಾರವೂ ಗೊತ್ತಿಲ್ಲ. ನಮ್ಮ ಮನೆ ಬಾಗಿಲಿಗೆ ಫಿಲ್ಮ್ ತಲುಪಿಸುತ್ತಿರುವವರು ಈ ಸಣ್ಣವರೇ.

ಆ ಹುಡುಗನಿಂದ ಈ ವಾರ ಇನ್ನೊಂದು ರೋಲು ಬಂದಿದೆ. ಚೀಟಿ ಓದುತ್ತೇನೆ. "ಕೊಡಾಕ್ ವಿಷನ್3, 250ಡಿ. ಹಗಲು ಬೆಳಕಿನದ್ದು. 400 ಅಡಿ ಡಬ್ಬದ ಕೊನೆ ತುಂಡು, ಆದ್ದರಿಂದ 31 ಫೋಟೋ ಮಾತ್ರ ಬರುತ್ತದೆ. ನೂರು ರೂಪಾಯಿ ಕಡಿಮೆ ಹಿಡಿದಿದ್ದೇನೆ ಅಣ್ಣ. ರೆಮ್‌ಜೆಟ್ ಇದೆ."

ಲೋಡ್ ಮಾಡುತ್ತೇನೆ. ಐದು ಗಂಟೆಗೆ ಬೈತಖೋಲ ಬಂದರಿಗೆ ಹೋಗಬೇಕು, ದೋಣಿಗಳು ಬರುವ ಹೊತ್ತು.