ಗೋಲಿ ಮ್ಯಾಗ್ನೆಟ್ ನಿಷೇಧ: ಮೂರು ಷರತ್ತು ಸರಿ, ನಾಲ್ಕನೇದು ಬರೀ ಲೇಬಲ್

ಬೆಂಗಳೂರಿನ ಎಸ್.ಪಿ. ರೋಡಲ್ಲಿ 6 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ನಿಯೋಡಿಮಿಯಮ್ (ತುಂಬಾ ಬಲವಾದ ಮ್ಯಾಗ್ನೆಟ್) ಬಿಲ್ಲೆ ಕೇಳಿ. ಜಿಪ್ ಕವರಲ್ಲಿ ಹಾಕಿ ಕೊಡ್ತಾರೆ. ಕವರಿನ ಮೇಲೆ ಗ್ರೇಡ್ (ಮ್ಯಾಗ್ನೆಟ್ ಎಷ್ಟು ಬಲದ್ದು ಅನ್ನೋ ಗುರುತು) ಬರೆದಿರೋದು ಅಪರೂಪ, ಎಚ್ಚರಿಕೆ ಇನ್ನೂ ಅಪರೂಪ. ಅದೇ ಲೋಹದ 5 ಮಿಲಿಮೀಟರ್ ಗೋಲಿಗಳನ್ನ ‘ಟೆನ್ಷನ್ ಕಳೆಯೋಕೆ’ ಅಂತ ಅಮೆರಿಕದಲ್ಲಿ ಮಾರಿದ್ರೆ ಕಾನೂನು ಬಾಹಿರ. ‘ಇಂಡಸ್ಟ್ರಿಯಲ್ ಬಳಕೆಗೆ ಮಾತ್ರ’ ಅಂತ ಕಾರ್ಖಾನೆಗಳಿಗಷ್ಟೇ ಮಾರಿದ್ರೆ ಆ ನಿಯಮದ ಹೊರಗೆ. ನನ್ನ ತಕರಾರು ಇಷ್ಟೇ.

ಹಿನ್ನೆಲೆ ಚುಟುಕಾಗಿ ಹೇಳ್ಬಿಡ್ತೀನಿ. 2012ರಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ‘ಬಕಿಬಾಲ್ಸ್’ (ಇಂಥ ಗೋಲಿಗಳ ಸೆಟ್, ಮಕ್ಕಳು ನುಂಗಿದ್ರೆ ಕರುಳು ತೂತಾಗುತ್ತೆ) ಮೇಲೆ ಕ್ರಮಕ್ಕೆ ಹೊರಡ್ತು. 2014ರಲ್ಲಿ ನಿಯಮ ಬಂತು, 2016ರಲ್ಲಿ ಕೋರ್ಟ್ ಅದನ್ನ ರದ್ದು ಮಾಡ್ತು, 2022ರಲ್ಲಿ ಹೊಸ ನಿಯಮ ಬಂತು. ಆಸ್ಟ್ರೇಲಿಯಾ 2012ರಲ್ಲೇ ನಿಷೇಧಿಸಿತ್ತು.

ಹೊಸ ನಿಯಮದ ಪ್ರಕಾರ ನಿಷೇಧ ಆಗೋಕೆ ನಾಲ್ಕು ಷರತ್ತು. ಮ್ಯಾಗ್ನೆಟ್ ಬಿಡಿಯಾಗಿರಬೇಕು ಅಥವಾ ಕಳಚಿಕೊಳ್ಳೋ ಹಾಗಿರಬೇಕು. 31.7 ಮಿಲಿಮೀಟರ್ ವ್ಯಾಸದ ಪರೀಕ್ಷಾ ಕೊಳವೆಯೊಳಗೆ ಹಿಡಿಸಬೇಕು. ಫ್ಲಕ್ಸ್ ಇಂಡೆಕ್ಸ್ (ಮ್ಯಾಗ್ನೆಟ್ಟಿನ ಬಲ ಅಳೆಯೋ ಸಂಖ್ಯೆ, ಲೆಕ್ಕ ಕೆಳಗಿದೆ) 50 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಇದರ ಮೇಲೆ ಮನರಂಜನೆ, ಆಭರಣ, ಒತ್ತಡ ನಿವಾರಣೆ, ಬುದ್ಧಿಗೆ ಕಸರತ್ತು, ಇಂಥದ್ದಕ್ಕೆ ಅಂತ ಮಾರಿರಬೇಕು. ಇಷ್ಟೂ ಕೂಡಿದ್ರೆ ನಿಷಿದ್ಧ. ಮೊದಲ ಮೂರು ಷರತ್ತು ಭೌತಶಾಸ್ತ್ರ. ನಾಲ್ಕನೇದು ಪ್ಯಾಕೆಟ್ ಮೇಲಿನ ಬರಹ. ಮಗುವಿನ ಕರುಳಿಗೆ ಓದೋಕೆ ಬರಲ್ಲ ಸ್ವಾಮಿ.

ಫ್ಲಕ್ಸ್ ಇಂಡೆಕ್ಸ್ ಅಂದ್ರೆ ಮೇಲ್ಮೈಯಿಂದ 0.38 ಮಿಲಿಮೀಟರ್ ದೂರದಲ್ಲಿ ಕಿಲೋಗಾಸ್ ಲೆಕ್ಕದ ಕಾಂತಶಕ್ತಿ. ಅದರ ವರ್ಗವನ್ನ ಧ್ರುವದ ವಿಸ್ತೀರ್ಣದಿಂದ ಗುಣಿಸಬೇಕು. 6 ಬೈ 3ರ, ಎನ್35 ಅನ್ನೋ ಸಾದಾ ಗ್ರೇಡಿನ ಬಿಲ್ಲೆಗೆ ಸೂತ್ರ ಹಾಕಿದ್ರೆ ಸುಮಾರು 3.7 ಕಿಲೋಗಾಸ್, ವಿಸ್ತೀರ್ಣ 28 ಚದರ ಮಿಲಿಮೀಟರ್. ಇಂಡೆಕ್ಸ್ ಹತ್ತಿರ ಹತ್ತಿರ 390, ಮಿತಿಯ ಏಳೆಂಟು ಪಟ್ಟು. 3 ಬೈ 2ರ ಪುಟಾಣಿ ಬಿಲ್ಲೆ ಕೂಡ 90 ಮುಟ್ಟುತ್ತೆ. 2 ಬೈ 1 ಆದ್ರೆ 23, ಪಾಸ್. 6 ಬೈ 3ರ ಕಪ್ಪು ಫೆರೈಟ್ ಬಿಲ್ಲೆ 40ರ ಆಸುಪಾಸು, ಅದೂ ಪಾಸ್. ನಿಮ್ಮ ಡ್ರಾಯರಲ್ಲಿರೋ ನಿಯೋಡಿಮಿಯಮ್ ಬಹುಪಾಲು ಮಿತಿ ದಾಟಿದ್ದೇ. ‘ನಮ್ಮದು ಹವ್ಯಾಸ, ಆಟಿಕೆ ಅಲ್ಲ’ ಅನ್ನೋರು ಈ ಲೆಕ್ಕ ಒಮ್ಮೆ ಹಾಕಿ.

ಭಾರತದಲ್ಲಿ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನವರ ಆಟಕ್ಕೆ ಅಂತ ಮಾಡಿದ್ದಕ್ಕೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಿಗರಿಗೆ, ಚನ್ನಪಟ್ಟಣದ ಗೊಂಬೆಯಂಥ ಜಿಐ (ಊರಿನ ಹೆಸರಿಗೆ ಸಿಗೋ ಭೌಗೋಳಿಕ ಗುರುತು) ವಸ್ತುಗಳ ನೋಂದಾಯಿತ ಬಳಕೆದಾರರಿಗೆ ವಿನಾಯಿತಿ ಇದೆ, ಅದು ನ್ಯಾಯವೇ. ಆದ್ರೆ ಜಯನಗರದ ಮನೆಯೊಂದರಲ್ಲಿ ತ್ರೀಡಿ ಪ್ರಿಂಟರ್ ಇಟ್ಕೊಂಡು ಮ್ಯಾಗ್ನೆಟ್ ಕೊಂಡಿಯ ರೈಲು ಮಾಡಿ ಮಾರೋರಿಗೆ ಆ ವಿನಾಯಿತಿ ಇಲ್ಲ. ‘ಶೋಕೇಸಿಗೆ’ ಅಂತ ಚೀಟಿ ಅಂಟಿಸಿ ಜಾರಿಕೊಳ್ಳೋದು ಸುಲಭ, ಮತ್ತೆ ಅದೇ ಲೇಬಲ್ ಆಟ. ಗೋಲಿ ಸೆಟ್ ಮಕ್ಕಳ ಕೈಗೆ ಬೇಡ, ಅದಕ್ಕೆ ನನ್ನ ಓಟು. ಆದ್ರೆ ನಿಯಮ ಮಾಡೋರು ಬಿಡಿ ಮಾರಾಟದ ಕವರಿಗೂ ಗ್ರೇಡ್, ಅಳತೆ, ಇಂಡೆಕ್ಸ್, ಎಣಿಕೆ ಕಡ್ಡಾಯ ಮಾಡಲಿ. ಹವ್ಯಾಸಿಗೆ ಬೇಕಾದ ಮಾಹಿತಿಯೂ ಅದೇ.

ಹವ್ಯಾಸಿಗಳಾದ ನಮ್ಮ ಕಡೆಯ ಕೆಲಸ, ಮಾಡಿದ ವಸ್ತುವಿಂದ ಮ್ಯಾಗ್ನೆಟ್ ಕಳಚದ ಹಾಗೆ ಕೂರಿಸೋದು. ಮೇಲಿಂದ ಗುಳಿ ತೋಡಿ ಸೂಪರ್ ಗ್ಲೂ ಹಾಕೋದು ಅತಿ ಕೆಟ್ಟ ದಾರಿ. ನಿಕಲ್ ಲೇಪನ ನುಣುಪು, ಸೂಪರ್ ಗ್ಲೂ ಪೆಡಸು. ಪ್ರತಿ ಸಲ ಎಳೆದಾಗ ಜಗ್ಗೋದು ಅಂಟನ್ನೇ. ಹಿಂದಿನಿಂದ ಕೂರಿಸಿ: ಎಳೆತ ಮ್ಯಾಗ್ನೆಟ್ಟನ್ನ ಪ್ಲಾಸ್ಟಿಕ್ ಗೋಡೆಗೇ ಒತ್ತಬೇಕು. 6 ಮಿಲಿಮೀಟರಿಗೆ 6.1ರಿಂದ 6.2 ಗುಳಿ, ಆಳ 3.2. ತ್ರೀಡಿ ಪ್ರಿಂಟ್ ನಡುವೆ ನಿಲ್ಲಿಸಿ ಒಳಗಿಡೋದಾದ್ರೆ ಒಂದು ತೊಟ್ಟು ಅಂಟು ಹಾಕಿ, ಇಲ್ಲದಿದ್ರೆ ಹಾಟೆಂಡಿನ (ಪ್ಲಾಸ್ಟಿಕ್ ಕರಗಿಸಿ ಸುರಿಯೋ ಬಿಸಿ ತಲೆ) ಉಕ್ಕಿನ ಭಾಗಕ್ಕೆ ಹಾರಿ ಕಚ್ಚುತ್ತೆ. ಮೇಲೆ 0.2 ಮಿಲಿಮೀಟರಿನ ನಾಲ್ಕು ಪದರ ಮುಚ್ಚಳ. ಎರಡೇ ಪದರ ಹಾಕಿದ್ರೆ ಬಿದ್ದಾಗ ಒಡೆಯುತ್ತೆ, ಎಂಟು ಹಾಕಿದ್ರೆ ಹಿಡಿತ ಸತ್ತುಹೋಗುತ್ತೆ. ಎಬಿಎಸ್ ಪ್ಲಾಸ್ಟಿಕ್ಕಿಗೆ ಪ್ರಿಂಟರಿನ ಬೆಡ್ (ತಟ್ಟೆ) 100 ಡಿಗ್ರಿ, ಸಾದಾ ಎನ್35 ತಾಳೋ ಬಿಸಿಯ ಮಿತಿ 80. ಅಲ್ಲಿ ಶಕ್ತಿ ಕಳೆದ್ಕೊಂಡದ್ದು ತಣ್ಣಗಾದ ಮೇಲೂ ಪೂರ್ತಿ ವಾಪಸ್ ಬರಲ್ಲ. ಅಂಟೇ ಗತಿ ಅಂದ್ರೆ 120 ನಂಬರ್ ಮರಳು ಕಾಗದದಲ್ಲಿ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಎರಡು ಟ್ಯೂಬಿನ ಎಪಾಕ್ಸಿ ಹಾಕಿ 24 ಗಂಟೆ ಬಿಡಿ. ಮ್ಯಾಗ್ನೆಟ್ಟಿಗೆ ಡ್ರಿಲ್ ಮಾತ್ರ ಬೇಡ. ಚೂರಾಗುತ್ತೆ, ಪುಡಿಗೆ ಬೆಂಕಿ ಹತ್ತಬಹುದು.

ಕೆಲಸ ಶುರು ಮಾಡುವಾಗ ಎಣಿಸಿ, ಮುಗಿದಾಗ ಮತ್ತೆ ಎಣಿಸಿ. ಒಂದು ಕಮ್ಮಿ ಬಂದ್ರೆ ಮೊದಲು ಸ್ಕ್ರೂಡ್ರೈವರ್, ಕುರ್ಚಿ ಕಾಲು, ಸ್ಪೀಕರ್ ಹಿಂಬದಿ ನೋಡಿ.

ಮಗು ನುಂಗಿದೆ ಅನ್ನೋ ಅನುಮಾನ ಬಂದ್ರೆ ನಾಣ್ಯ ನುಂಗಿದಾಗ ಮಾಡೋ ಹಾಗೆ ಬಾಳೆಹಣ್ಣು ತಿನ್ನಿಸಿ ಕಾಯಬೇಡಿ. ಬೇರೆ ಬೇರೆ ಹೊತ್ತಲ್ಲಿ ನುಂಗಿದ ಎರಡು ಮ್ಯಾಗ್ನೆಟ್ ಕರುಳಿನ ಎರಡು ಸುರುಳಿಗಳಿಂದ ಒಂದನ್ನೊಂದು ಹಿಡಿದುಕೊಳ್ತವೆ. ನಡುವೆ ಸಿಕ್ಕ ಗೋಡೆಗೆ ರಕ್ತ ಹರಿಯೋದು ನಿಂತು ತೂತಾಗುತ್ತೆ. ಮೊದಮೊದಲು ಬರೀ ವಾಂತಿ, ಹೊಟ್ಟೆನೋವು, ಕೆಲವೊಮ್ಮೆ ಅದೂ ಇರಲ್ಲ. ಎಮರ್ಜೆನ್ಸಿಯಲ್ಲಿ ‘ಮ್ಯಾಗ್ನೆಟ್’ ಅನ್ನೋ ಪದವನ್ನೇ ಹೇಳಿ, ಅಳತೆ ಹೇಳಿ, ಎಷ್ಟು ಕಾಣೆಯಾಗಿದೆ ಹೇಳಿ. ಎಕ್ಸ್‌ರೇ ಮುಂದಿನಿಂದ ಒಂದು, ಪಕ್ಕದಿಂದ ಇನ್ನೊಂದು ಬೇಕು, ಯಾಕಂದ್ರೆ ಒಂದರ ಹಿಂದೊಂದು ನಿಂತ ಎರಡು ಬಿಲ್ಲೆ ಮುಂದಿನಿಂದ ಒಂದೇ ಬಿಲ್ಲೆಯ ಹಾಗೆ ಕಾಣುತ್ತೆ. ಎಮ್‌ಆರ್‌ಐ ಅಂತೂ ಬೇಡವೇ ಬೇಡ.