ಬೇಡ ಅನ್ನಿಸಿದ ದಿನ ಎದ್ದು ಹೋಗಬಹುದೇ?

ಕೇಳುಗರಿಗೆ ನಮಸ್ಕಾರ.

ಇವತ್ತು ನನ್ನ ಮಾತು ಸಣ್ಣ ಕಂಪನಿ ನಡೆಸುವವರ ಜೊತೆ. ಹತ್ತು ಜನ, ಮೂವತ್ತು ಜನ, ಹೆಚ್ಚೆಂದರೆ ಐವತ್ತು ಜನ ಇರುವ ಕಂಪನಿ. ಲೆಕ್ಕ ನೋಡುವವರೂ ನೀವೇ, ಮಾಲು ತರಿಸುವವರೂ ನೀವೇ, ಕೆಲಸಕ್ಕೆ ಜನ ತೆಗೆದುಕೊಳ್ಳುವವರೂ ನೀವೇ. ವಿಷಯ, ಆಧುನಿಕ ಗುಲಾಮಗಿರಿ. 'ಅಯ್ಯೋ, ಅದು ದೊಡ್ಡವರ ತಲೆನೋವು' ಅಂತ ದಯವಿಟ್ಟು ರೇಡಿಯೋ ಆಫ್ ಮಾಡಬೇಡಿ. ಸ್ವಲ್ಪ ಹೊತ್ತು ಕೂತು ಕೇಳಿ.

ಗುಲಾಮಗಿರಿ ಅಂದ ಕೂಡಲೇ ಸಂಕೋಲೆ, ಚಾಟಿ ಕಣ್ಣ ಮುಂದೆ ಬರುತ್ತದೆ, ಅಲ್ವಾ? ಈಗ ಅದೆಲ್ಲ ಬೇಕಿಲ್ಲ. ತೀರದ ಒಂದು ಸಾಲ ಸಾಕು. ಕಪಾಟಿನಲ್ಲಿ ಬೀಗ ಹಾಕಿಟ್ಟ ಪಾಸ್‌ಪೋರ್ಟ್ ಸಾಕು. ಹಿಡಿದಿಟ್ಟ ಮೂರು ತಿಂಗಳ ಸಂಬಳ ಸಾಕು. ಶಿಕ್ಷೆಯ ಬೆದರಿಕೆ ಹಾಕಿ, ಮನಸ್ಸಿಲ್ಲದವರಿಂದ ಮಾಡಿಸಿಕೊಳ್ಳುವ ಕೆಲಸವೇ ಬಲವಂತದ ದುಡಿಮೆ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1930ರಲ್ಲೇ ಹೇಳಿತು. ಅದನ್ನೇ ನಾನು ಒಂದು ಪ್ರಶ್ನೆ ಮಾಡಿಕೊಂಡಿದ್ದೇನೆ. ಈ ಕೆಲಸ ಬೇಡ ಅನ್ನಿಸಿದ ದಿನ ಆ ಮನುಷ್ಯ ಎದ್ದು ಹೋಗಬಹುದೇ? ಇಷ್ಟೇ. ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿಡಿ.

ಅದೇ ಸಂಘಟನೆ ಮತ್ತು ಜೊತೆಗಾರ ಸಂಸ್ಥೆಗಳು 2021ಕ್ಕೆ ಹಾಕಿದ ಅಂದಾಜಿನಲ್ಲಿ, ಜಗತ್ತಿನಲ್ಲಿ 2 ಕೋಟಿ 76 ಲಕ್ಷ ಜನ ಹೀಗೆ ಎದ್ದು ಹೋಗಲಾರದವರು. ಇದರಲ್ಲಿ 1 ಕೋಟಿ 73 ಲಕ್ಷ ಜನ ಹೊಲ, ಗಣಿ, ಕಾರ್ಖಾನೆ, ಕಟ್ಟಡ, ಮನೆಗೆಲಸ ಅಂತ ಖಾಸಗಿಯವರ ಕೈಕೆಳಗೇ ಇದ್ದವರು. ಸರ್ಕಾರಗಳು ಮಾಡಿಸುವ ಬಲವಂತದ ದುಡಿಮೆಯ ಲೆಕ್ಕ ಬೇರೆ. ಅಂದರೆ ಇದು ನಮ್ಮ ನಿಮ್ಮ ಹಾಗೆ ವ್ಯಾಪಾರ ಮಾಡುವವರ ನಡುವೆಯೇ ಇದೆ.

ಒಂದು ಸಂಗತಿ ಹೇಳುತ್ತೇನೆ. ಸುಮಾರು ಮೂವತ್ತು ಜನರ ಒಂದು ಕಂಪನಿಗೆ ಸಲಹೆ ಕೊಡಲು ಹೋಗಿದ್ದೆ. ಮಾಲೀಕರು ಒಳ್ಳೆಯವರು. 'ಮೇಡಂ, ನಮ್ಮಲ್ಲಿ ಅಂಥದ್ದೇನೂ ಇಲ್ಲ. ಎಲ್ಲರೂ ಮನೆಯವರ ಹಾಗೆ ಇದ್ದೇವೆ' ಅಂದರು. ನಿಜವೇ. ಅವರ ಪಟ್ಟಿಯಲ್ಲಿದ್ದ ಮೂವತ್ತು ಜನಕ್ಕೂ ಹೊತ್ತಿಗೆ ಸರಿಯಾಗಿ ಸಂಬಳ, ರಜೆ, ಎಲ್ಲ ಇತ್ತು. ಫೈಲುಗಳನ್ನು ನೋಡಿ ಹೊರಟೆ. ಕನ್ನಡಕ ಮರೆತಿದ್ದೆ. ರಾತ್ರಿ ಒಂಬತ್ತರ ಹೊತ್ತಿಗೆ ವಾಪಸ್ ಹೋದರೆ, ಹಗಲು ನಾನು ಕಾಣದ ಎಂಟು ಹೆಂಗಸರು ನೆಲ ಒರೆಸುತ್ತಿದ್ದರು. ಗುತ್ತಿಗೆದಾರನ ಕಡೆಯವರು. ಮಾಲೀಕರ ಯಾವ ಪಟ್ಟಿಯಲ್ಲೂ ಅವರ ಹೆಸರಿಲ್ಲ.

'ರಜೆ ಯಾವತ್ತಮ್ಮಾ?' ಅಂತ ಒಬ್ಬಾಕೆಯನ್ನು ಕೇಳಿದೆ. ಆಕೆ ಉತ್ತರ ಕೊಡಲಿಲ್ಲ. ಮೊದಲು ಸೂಪರ್‌ವೈಸರ್ ಮುಖ ನೋಡಿದಳು. ಅವನು ಫೋನ್ ಬಂತು ಅಂತ ಕೆಳಗಿಳಿದು ಹೋದ ಮೇಲೆ ಮೆಲ್ಲಗೆ ಹೇಳಿದಳು. ಸಂಬಳ ಬ್ಯಾಂಕಿಗೇ ಬರುತ್ತದೆ, ಆದರೆ ಎಟಿಎಂ ಕಾರ್ಡು ಅವನ ಹತ್ತಿರ. ಕೆಲಸಕ್ಕೆ ಸೇರಿಸಿದ ಏಜೆಂಟನಿಗೆ ಕೊಡಬೇಕಾದ ಸಾಲ ಇದೆ. ಸಾಲ ತೀರಿದ ಮೇಲೆ ಹೋಗಬಹುದಂತೆ. 'ಎಷ್ಟಿದೆ ಸಾಲ?' ಅಂದೆ. 'ಗೊತ್ತಿಲ್ಲ ಮೇಡಂ. ಅವರ ಪುಸ್ತಕದಲ್ಲಿದೆ' ಅಂದಳು.

ಆ ಕಾರ್ಡುಗಳನ್ನು ಆಮೇಲೆ ನಾನೇ ನೋಡಿದೆ. ಎಂಟು ಕಾರ್ಡು, ಸುತ್ತ ಒಂದು ರಬ್ಬರ್ ಬ್ಯಾಂಡು. ಒಂದೊಂದರ ಮೇಲೂ ಚೀಟಿ ಅಂಟಿಸಿ ಹೆಸರು, ಪಿನ್ ನಂಬರು ಬರೆದಿತ್ತು. ಕೈಬರಹ ಬಹಳ ಅಚ್ಚುಕಟ್ಟಾಗಿತ್ತು.

ಮಾಲೀಕರು ತಲೆ ಮೇಲೆ ಕೈ ಹೊತ್ತು ಕೂತರು. 'ಮೂರು ಕೊಟೇಷನ್ ತರಿಸಿದ್ದೆ, ಇವರದೇ ಕಡಿಮೆ ಇತ್ತು' ಅಂದರು. ಸರಿ, ಆ ಬಿಲ್ಲು ತೆಗೆಸಿ ಲೆಕ್ಕ ಹಾಕಿದೆವು. ಎಂಟು ಜನ, ತಿಂಗಳಿಗೆ ಇಷ್ಟು ಗಂಟೆ. ಗುತ್ತಿಗೆದಾರ ಒಂದು ಕಾಸೂ ಇಟ್ಟುಕೊಳ್ಳದಿದ್ದರೂ ಕನಿಷ್ಠ ವೇತನ ಗಿಟ್ಟುತ್ತಿರಲಿಲ್ಲ. ಈ ಭಾಗಾಕಾರಕ್ಕೆ ಐದು ನಿಮಿಷ ಬೇಕು. ಸಹಿ ಹಾಕುವ ಮೊದಲೇ ಮಾಡಬಹುದಿತ್ತು.

ಆ ರಾತ್ರಿಯೇ ಗುತ್ತಿಗೆ ರದ್ದು ಮಾಡುತ್ತೇನೆ ಅಂತ ಅವರು ಫೋನ್ ಎತ್ತಿದರು. ನಾನು ತಡೆದೆ. ರದ್ದು ಮಾಡಿದರೆ ನಮ್ಮ ಕೈ ತೊಳೆದ ಹಾಗಾಯಿತು, ಅಷ್ಟೇ. ಆ ಎಂಟು ಜನ ಅದೇ ಸಾಲ ಹೊತ್ತು ಇನ್ನೊಂದು ಕಟ್ಟಡಕ್ಕೆ ಹೋಗುತ್ತಾರೆ. ಮೊದಲು ಅವರನ್ನೇ ಕೇಳಿದೆವು, ನಿಮಗೇನು ಬೇಕು ಅಂತ. ಕಾರ್ಮಿಕರ ಪರ ಕೆಲಸ ಮಾಡುವ ಒಂದು ಸಂಸ್ಥೆಯವರನ್ನು ಜೊತೆಗೆ ಕರೆದುಕೊಂಡೆವು. ಆಮೇಲೆ ಗುತ್ತಿಗೆದಾರನನ್ನು ಕೂರಿಸಿ ಕಾರ್ಡು ವಾಪಸ್ ಕೊಡಿಸಿದೆವು, ಸಾಲದ ಪುಸ್ತಕ ಮುಚ್ಚಿಸಿದೆವು. ಮಾಲೀಕರು ದರ ಏರಿಸಿದರು, ಕೊನೆಗೆ ಆ ಎಂಟು ಜನರನ್ನೂ ತಮ್ಮ ಪಟ್ಟಿಗೇ ಸೇರಿಸಿಕೊಂಡರು. ಎರಡು ತಿಂಗಳ ಮೇಲೆ ಅವರೇ ಫೋನ್ ಮಾಡಿದರು. 'ಇಷ್ಟೆಲ್ಲ ಮಾಡಿದೆವು ಮೇಡಂ, ನೀವು ಮಾತಾಡಿಸಿದ ಆಕೆ ಕೆಲಸ ಬಿಟ್ಟು ಹೋದಳು' ಅಂದರು. ಬೇಜಾರಿನಲ್ಲೇ ಹೇಳಿದರು. ನನಗೆ ಮಾತ್ರ ಆ ದಿನ ಆದಷ್ಟು ಸಂತೋಷ ಬೇರೆ ಯಾವತ್ತೂ ಆಗಿಲ್ಲ. ಎದ್ದು ಹೋದಳಲ್ಲ!

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಕೆಲಸ ಕೊಡಿಸಿದ್ದಕ್ಕೆ ಏಜೆಂಟನ ಫೀಸು ಕಂಪನಿ ಕೊಡಬೇಕು, ಕೆಲಸಗಾರ ಅಲ್ಲ. 'ಜೋಪಾನವಾಗಿರಲಿ' ಅಂತಲೂ ಯಾರ ಪಾಸ್‌ಪೋರ್ಟೂ ಇಟ್ಟುಕೊಳ್ಳಬೇಡಿ. ಮಾಲು ಕೊಡುವವರ ಪಟ್ಟಿ ಮಾಡಿ. ಕೈಕೆಲಸ ಜಾಸ್ತಿ, ಸಂಬಳ ಕಡಿಮೆ, ದೂರದಿಂದ ಬಂದ ಜನ ಎಲ್ಲಿದ್ದಾರೋ ಅಲ್ಲಿಂದ ಶುರು ಮಾಡಿ. ಎಲ್ಲರಿಗೂ ನಲವತ್ತು ಪುಟದ ಪ್ರಶ್ನಾವಳಿ ಸುಮ್ನೆ ಕಳಿಸಬೇಡಿ. ಅದರಲ್ಲಿ ಎಲ್ಲರೂ 'ಇಲ್ಲ' ಅಂತಲೇ ಟಿಕ್ ಹಾಕುತ್ತಾರೆ. ಹೋಗಿ ನೋಡಿ. ಮೇಸ್ತ್ರಿ ಇಲ್ಲದಾಗ ಮಾತಾಡಿಸಿ, ಆದರೆ ಮಾತಾಡಿದವರಿಗೆ ತೊಂದರೆ ಆಗದ ಹಾಗೆ. ಯಾರ ಜೀವಕ್ಕಾದರೂ ಅಪಾಯ ಇದೆ ಅನ್ನಿಸಿದರೆ ನೀವೇ ವಿಚಾರಣೆಗೆ ಇಳಿಯಬೇಡಿ, ಪೊಲೀಸರಿಗೆ ತಿಳಿಸಿ. ನೀವೂ ನಾಳೆಯೇ ಮಾಲು ಬೇಕು ಅಂತ ಕೊನೇ ಗಳಿಗೆಯಲ್ಲಿ ಆರ್ಡರ್ ಕೊಡಬೇಡಿ. ಆ ರಾತ್ರಿ ಅಲ್ಲಿ ಯಾರನ್ನೋ ಮನೆಗೆ ಬಿಡದೆ ದುಡಿಸುತ್ತಾರೆ.

ಕಾನೂನು ಕೇಳುತ್ತೀರಿ, ಗೊತ್ತು. ಆಧುನಿಕ ಗುಲಾಮಗಿರಿ ಬಗ್ಗೆ ಬ್ರಿಟನ್ನಿನ 2015ರ ಕಾಯ್ದೆ, ಆಸ್ಟ್ರೇಲಿಯಾದ 2018ರ ಕಾಯ್ದೆ ಎರಡೂ ವರದಿ ಕೇಳುವುದು ದೊಡ್ಡ ಕಂಪನಿಗಳನ್ನು. ಆದರೆ ಆ ದೊಡ್ಡವರು ತಮಗೆ ಮಾಲು ಕೊಡುವ ನಿಮ್ಮನ್ನು ಕೇಳುತ್ತಾರೆ. ಆಗ ತೋರಿಸಲು ಚಂದದ ನೀತಿಪತ್ರ ಬರೆಸುವುದು ಆಮೇಲಿರಲಿ. ಮೊದಲು ಇವತ್ತು ರಾತ್ರಿ ನಿಮ್ಮ ಕಟ್ಟಡ ಗುಡಿಸುವವರು ಯಾರು, ಅವರ ಹೆಸರೇನು, ಅವರ ಎಟಿಎಂ ಕಾರ್ಡು ಯಾರ ಜೇಬಿನಲ್ಲಿದೆ ಅಂತ ಹೋಗಿ ತಿಳಿದುಕೊಳ್ಳಿ.

ನಮಸ್ಕಾರ.